ಅಕ್ಷರ ಎಣಿಸಲು ಗಣಕಯಂತ್ರಕ್ಕೆ ಕಲಿಸೋಣ

'ಕನ್ನಡ' ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಮೂರು ಎನ್ನುತ್ತೀರಿ. ಪೈಥಾನ್ ಭಾಷೆಯಲ್ಲಿ ಅದೇ ಪದದ ಉದ್ದ ಕೇಳಿ ನೋಡಿ, ಐದು ಎನ್ನುತ್ತದೆ! ಗೀಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಪೈಥಾನ್ ಒಂದು ಮುಕ್ತ ತಂತ್ರಾಂಶ. ಹಣ ಕೊಡದೆ ಪಡೆಯಬಹುದು, ಅದರ ಒಳಬರಹವನ್ನೂ ಓದಬಹುದು.

ಐದು ಬಂದದ್ದು ಹೇಗೆ? ಯೂನಿಕೋಡ್ ಪದ್ಧತಿಯಲ್ಲಿ ಕ, ನ, ಸ್ವರವನ್ನು ಅಳಿಸುವ ಹಲಂತ ಚಿಹ್ನೆ, ಮತ್ತೊಂದು ನ, ಡ – ಪ್ರತಿಯೊಂದಕ್ಕೂ ಬೇರೆ ಬೇರೆ ಸಂಕೇತ. ಇದು ಬರಿಯ ಲೆಕ್ಕದ ತಮಾಷೆಯಲ್ಲ. ಆಪ್ ಬರೆದವರು ಹೆಸರಿಗೆ ನಾಲ್ಕೇ ಸ್ಥಾನ ಎಂದು ಗೊತ್ತುಮಾಡಿದರೆ 'ಕನ್ನಡ' ತುಂಡಾಗಿ 'ಕನ್ನ' ಉಳಿಯುತ್ತದೆ! ಪರದೆಯ ಮೇಲೆ ಹೆಸರು ಮೂಡಿಸುವುದೇ ಕಸುಬಾದ ನಮ್ಮಂಥವರಿಗೆ ಇದು ನಗುವ ಮಾತಲ್ಲ.

ನೀವೇ ಒಂದು ಕಿರು ಪ್ರೋಗ್ರಾಂ ಬರೆಯಿರಿ. ಅದು ಪದದ ಸಂಕೇತಗಳನ್ನು ಒಂದೊಂದಾಗಿ ನೋಡುತ್ತ ಹೋಗಲಿ. ಗುಣಿತದ ಚಿಹ್ನೆ, ಅನುಸ್ವಾರ, ವಿಸರ್ಗ, ಹಲಂತ – ಇವನ್ನು ಎಣಿಸಬಾರದು. ಹಲಂತದ ಬೆನ್ನಿಗೇ ಬರುವ ವ್ಯಂಜನವನ್ನೂ ಎಣಿಸಬಾರದು, ಅದು ಒತ್ತಕ್ಷರ. ಉಳಿದವಕ್ಕೆ ಒಂದೊಂದು ಕೂಡಿಸಿದರಾಯಿತು. ಹತ್ತು ಹದಿನೈದು ಸಾಲು ಸಾಕು.

'ಸ್ವಾತಂತ್ರ್ಯ' ಕೊಟ್ಟು ಪರೀಕ್ಷಿಸಿ: ಸಂಕೇತಗಳು 11, ಅಕ್ಷರಗಳು 3. ಆಮೇಲೆ 'ರಾಜ್‌ಕುಮಾರ್' ಕೊಡಿ. 5 ಬರಬೇಕು, ನಿಮಗೆ 6 ಬಂದೀತು! 'ಕ'ಕಾರ ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಕುಳಿತಿದೆ. ಅದನ್ನು ಬಿಟ್ಟು ಎಣಿಸುವ ನಿಯಮ ಸೇರಿಸಿ, ಪ್ರೋಗ್ರಾಂ ಅನ್ನು ಗೆಳೆಯರಿಗೆ ಕೊಡಿ. ಅವರು ಇನ್ನೊಂದು ತೊಡಕಿನ ಪದ ಹುಡುಕಿ ತಂದರೆ ಮತ್ತೆ ತಿದ್ದಿ.