ಮನೆಯೊಳಗಿನ ಜೇಡ

ಬೀದರ ನಗರದಲ್ಲಿ ಜಂಬಿಟ್ಟಿಗೆ ಕಲ್ಲಿನ ಹಳೆಯ ಮನೆಗಳು ಹಲವು. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಲ್ಲಿ ಮರದ ತೊಲೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆಮನೆಗಳು ಇನ್ನೂ ಉಂಟು. ಅವುಗಳ ಪಕ್ಕದಲ್ಲಿಯೇ ಸಿಮೆಂಟಿನ ಮನೆಗಳೂ ಎದ್ದಿವೆ. ಮನೆ ಯಾವುದೇ ಇರಲಿ, ದಸರೆಗೆ ಇಲ್ಲಣ ಹೊಡೆದ ಗೃಹಿಣಿ ದೀಪಾವಳಿಗೆ ಮತ್ತೆ ಪೊರಕೆ ಹಿಡಿಯಬೇಕಾಗುತ್ತದೆ. ಜೇಡ ಹೀಗೆ ಮರಳಿ ಬರುವುದೇಕೆ?

ಜಗತ್ತಿನಲ್ಲಿ ಹೆಸರಿಟ್ಟು ಗುರುತಿಸಿದ ಜೇಡದ ಜಾತಿಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಇವುಗಳಲ್ಲಿ ಮನೆಗೆ ಒಗ್ಗಿದವು ತೀರ ಕೆಲವೇ. ತೊಗರಿಯ ಸಾಲುಗಳ ನಡುವೆ ಚಕ್ರದಂತಹ ಬಲೆ ನೇಯುವ ಹೊಲದ ಜೇಡವನ್ನು ತಂದು ಕೋಣೆಯಲ್ಲಿ ಬಿಟ್ಟರೆ ಅದು ಬಾಳುವುದು ಕಷ್ಟ. ಒಣ ಹವೆಯನ್ನೂ ಅಪರೂಪದ ಊಟವನ್ನೂ ಸಹಿಸಬಲ್ಲ ಜಾತಿಗಳಿಗೆ ಮಾತ್ರ ಮನೆ ಸ್ವರ್ಗ. ಅಲ್ಲಿ ಮಳೆಯಿಲ್ಲ, ಬಿರುಗಾಳಿಯಿಲ್ಲ, ಶತ್ರುಗಳೂ ಕಡಮೆ.

ಮೂಲೆಯಲ್ಲಿ ತಲೆಕೆಳಗಾಗಿ ತೂಗುವ ಉದ್ದಕಾಲಿನ ಜೇಡವನ್ನು ನೋಡಿ. ಇದು ಕ್ರಾಸೋಪ್ರೈಜಾ ಲಯೋನಿ. ಬ್ಲ್ಯಾಕ್‌ವಾಲ್ ಎಂಬ ಪಂಡಿತ 1867ರಲ್ಲಿ ಇದನ್ನು ವರ್ಣಿಸಿದನು. ಮುಟ್ಟಿದರೆ ಬಲೆಯ ಸಮೇತ ಗಡಗಡ ನಡುಗುತ್ತದೆ. ತಾಯಿಯು ಮೊಟ್ಟೆಗಳ ಗೊಂಚಲನ್ನು ಬಾಯಲ್ಲಿಯೇ ಕಚ್ಚಿ ಹಿಡಿದಿರುತ್ತದೆ. ನಾವು ಗುಡಿಸುವುದು ಬಲೆಯನ್ನು. ಸಂತಾನ ತಾಯಿಯೊಡನೆ ಬಿರುಕಿಗೆ ಓಡಿಹೋಗಿರುತ್ತದೆ! ಎರಡನೆಯದು ಅಂಗೈಯಗಲದ ಹೆಟೆರೋಪೋಡಾ ವೆನಟೋರಿಯಾ. ಇದು ಬಲೆ ಹೂಡುವುದಿಲ್ಲ, ರಾತ್ರಿ ಜಿರಲೆಯನ್ನು ಬೇಟೆಯಾಡುತ್ತದೆ. ಚಪ್ಪಟೆ ಮೈ ಇರುವುದರಿಂದ ಬಾಗಿಲಿನ ಸಂದಿಯೂ ಇದಕ್ಕೆ ಮನೆಯೇ. ಹಡಗಿನ ಸರಕಿನಲ್ಲಿ ಅಡಗಿ ಇದು ಉಷ್ಣದೇಶಗಳನ್ನೆಲ್ಲ ಸುತ್ತಿದೆ. ಹಗಲು ಗೋಡೆಯ ಮೇಲೆ ನೊಣದ ಬೆನ್ನುಹತ್ತಿ ನೆಗೆಯುವ ಪುಟ್ಟ ಜೇಡ ಮೂರನೆಯದು.

ಇವುಗಳನ್ನು ಹೆಚ್ಚಿಸುವವರು ಬಹುಮಟ್ಟಿಗೆ ನಾವೇ. ಮಳೆಗಾಲದ ಸಂಜೆ ಬಾಗಿಲು ತೆರೆದು ವಿದ್ಯುದ್ದೀಪ ಹಚ್ಚಿದರೆ ಹೊಲದ ಹುಳುಗಳೆಲ್ಲ ಒಳಗೆ ಬರುತ್ತವೆ. ಅವು ಬಂದಲ್ಲಿ ಜೇಡಕ್ಕೆ ಊಟ ಸಿದ್ಧ. ಅಲುಗಿಸದ ಚೀಲ, ಕಟ್ಟಿಗೆಯ ರಾಶಿ, ನೀರಿನ ತೊಟ್ಟಿಯ ಸೊಳ್ಳೆ, ಇವೂ ಅದಕ್ಕೆ ನೆರವು.

ಇಲ್ಲಿ ಒಂದು ಮುಖ್ಯ ಮಾತು. ಮೈಮೇಲೆ ಉರಿಯುವ ಗುಳ್ಳೆಗಳೆದ್ದರೆ "ಜೇಡ ಉಚ್ಚೆ ಹೊಯ್ದಿದೆ" ಎನ್ನುವ ರೂಢಿ ನಮ್ಮಲ್ಲುಂಟು. ಜೇಡಕ್ಕೆ ಈ ಅಪವಾದ ಸಲ್ಲದು. ಇಂತಹ ಗುಳ್ಳೆಗಳಿಗೆ ಎಷ್ಟೋ ಸಲ ಕಾರಣ ಪೀಡೆರಸ್ ಎಂಬ ಕೆಂಪು-ಕಪ್ಪು ಕಿರುದುಂಬಿ. ನೋಡಲು ಇರುವೆಯಂತಿರುವ ಇದೂ ದೀಪಕ್ಕೆ ಬರುತ್ತದೆ. ಮೈಮೇಲೆ ಅರೆದುಹೋದರೆ ಅದರ ರಸ ಚರ್ಮವನ್ನು ಸುಡುತ್ತದೆ. ಅದನ್ನು ಉಜ್ಜದೆ ಊದಿಬಿಡಬೇಕು, ಸಾಬೂನಿನಿಂದ ತೊಳೆಯಬೇಕು. ಗುಳ್ಳೆಗಳು ಮೈಯ ಒಂದೇ ಬದಿಯಲ್ಲಿ ಪಟ್ಟಿಯಾಗಿ ಎದ್ದು ನೋಯುತ್ತಿದ್ದರೆ ಅದು ಸರ್ಪಸುತ್ತು ಇರಬಹುದು. ಹಿಂದೆ ಬಂದುಹೋದ ಸೀತಾಳೆ ಸಿಡುಬಿನ ವಿಷಾಣು ನರಗಳಲ್ಲಿ ಉಳಿದು ಮತ್ತೆ ಕೆರಳುವುದೇ ಈ ರೋಗ. ಇದಕ್ಕೆ ಔಷಧ ಉಂಟು. ಗುಳ್ಳೆ ಎದ್ದ 72 ಗಂಟೆಗಳೊಳಗೆ ತೊಡಗಿದರೆ ಗುಣ ಹೆಚ್ಚು. ಜೇಡವನ್ನು ಶಪಿಸುತ್ತ, ಮಂತ್ರ ಹಾಕಿಸುತ್ತ ಕುಳಿತರೆ ಆ ಮೂರು ದಿನಗಳು ಕಳೆದುಹೋಗುತ್ತವೆ. ಕಣ್ಣಿನ ಸುತ್ತ ಎದ್ದರಂತೂ ತಡಮಾಡಲೇ ಬಾರದು.

ಮನೆಯಲ್ಲಿ ಜೇಡ ಕಡಮೆಯಾಗಬೇಕೆಂದರೆ ಮೊದಲು ಅದರ ಊಟವನ್ನು ಕಡಮೆಮಾಡಿ. ಮುಸ್ಸಂಜೆಗೆ ಬಾಗಿಲು ಮುಚ್ಚಿ, ಕಿಟಕಿಗೆ ಜಾಲರಿ ಹಾಕಿಸಿ, ಗೋಡೆಯ ಬಿರುಕು ತುಂಬಿ, ಚೀಲಗಳನ್ನು ಆಗಾಗ ಸರಿಸಿ ಗುಡಿಸಿ. ಧಾನ್ಯವಿಟ್ಟ ಕೋಣೆಯಲ್ಲಿ ಜೇಡಕ್ಕೆಂದು ವಿಷ ಸಿಂಪಡಿಸಬೇಡಿ. ಇಷ್ಟಾದ ಮೇಲೂ ಒಂದೆರಡು ಜೇಡ ಜಂತಿಯಲ್ಲಿ ಉಳಿದರೆ ಉಳಿಯಲಿ. ಸೊಳ್ಳೆ, ಜಿರಲೆಗಳ ಲೆಕ್ಕವನ್ನು ಅವು ನೋಡಿಕೊಳ್ಳುತ್ತವೆ.