ಅಶರೀರವಾಣಿಗೆ ಹೊಣೆ ಯಾರು?



ನಮ್ಮ ಪುರಾಣಗಳಲ್ಲಿ ಅಶರೀರವಾಣಿಗೆ ದೊಡ್ಡ ಸ್ಥಾನವಿದೆ. ದೇವಕಿಯ ಎಂಟನೆಯ ಮಗು ನಿನ್ನನ್ನು ಕೊಲ್ಲುತ್ತದೆ ಎಂದು ಆಕಾಶದಿಂದ ಧ್ವನಿ ಬಂದಾಗ, ಹಾಗೆಂದವರು ಯಾರು ಎಂದು ಕಂಸ ವಿಚಾರಿಸಲಿಲ್ಲ, ನಂಬಿಬಿಟ್ಟ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದಕ್ಕೆ ಬಂದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ದೇಶದ ಬಾನುಲಿಯ ಹೆಸರಾಯಿತು. ಹೆಸರೇನೋ ಚೆನ್ನಾಗಿ ಒಪ್ಪಿತು. ಆದರೆ ಒಂದು ವ್ಯತ್ಯಾಸವಿತ್ತು. ಈ ಆಕಾಶವಾಣಿಯ ಹಿಂದೆ ನಿಲಯದಲ್ಲಿ ಕುಳಿತ ಒಬ್ಬ ಮನುಷ್ಯನಿದ್ದ. ತಪ್ಪು ಓದಿದರೆ ಕ್ಷಮೆ ಕೇಳುತ್ತಿದ್ದ. ಶ್ರೋತೃಗಳ ಪತ್ರಕ್ಕೆ ಉತ್ತರ ಕೊಡುತ್ತಿದ್ದ.

ಈಗ ಆ ಮನುಷ್ಯನೂ ಇಲ್ಲದ ಬಾನುಲಿ ಬರುತ್ತಿದೆ. ಇದರ ಕ್ರಮ ಸರಳವಾಗಿದೆ. ಅಪಾರ ಬರಹಗಳಿಂದ ಭಾಷೆಯ ಜಾಡನ್ನು ಕಲಿತ ಗಣಕವು ನಿರೂಪಣೆಯ ಮಾತುಗಳನ್ನು ಬರೆಯುತ್ತದೆ. ಇನ್ನೊಂದು ತಂತ್ರಾಂಶ ಅದನ್ನು ಧ್ವನಿಯಾಗಿಸುತ್ತದೆ. ಯಾರದಾದರೂ ಧ್ವನಿಯನ್ನು ಕೆಲವು ನಿಮಿಷ ಮುದ್ರಿಸಿಕೊಟ್ಟರೆ ಸಾಕು, ಅವರು ಎಂದೂ ಆಡದ ಮಾತನ್ನು ಅದೇ ಧ್ವನಿಯಲ್ಲಿ ಆಡಬಲ್ಲದು.

ಪೋಲೆಂಡಿನ ಕ್ರಾಕೋವ್ ನಗರದ ಸಾರ್ವಜನಿಕ ಬಾನುಲಿಯ ಉಪವಾಹಿನಿಯೊಂದು 2024ರ ಅಕ್ಟೋಬರಿನಲ್ಲಿ ಇದನ್ನು ಪ್ರಯೋಗಿಸಿ ನೋಡಿತು. ಹಿಂದೆ ಕಾರ್ಯಕ್ರಮ ನಡೆಸುತ್ತಿದ್ದ ಹತ್ತಾರು ಜನರ ಒಪ್ಪಂದಗಳು ಮುಗಿದುಹೋಗಿದ್ದವು. ಅವರ ಜಾಗಕ್ಕೆ ಎಮಿಲಿಯಾ, ಯಾಕುಬ್, ಅಲೆಕ್ಸ್ ಎಂಬ ಮೂವರು ಕಲ್ಪಿತ ತರುಣ ನಿರೂಪಕರು ಬಂದರು. ಶ್ರೋತೃಗಳೇ ಇಲ್ಲದ ವಾಹಿನಿಗೆ ಹೊಸ ಪೀಳಿಗೆಯನ್ನು ಸೆಳೆಯುವುದು ಉದ್ದೇಶ ಎಂದು ಆಡಳಿತ ಹೇಳಿತು. ಇವರು ಯಂತ್ರಗಳೆಂಬುದನ್ನು ಮುಚ್ಚಿಡಲಿಲ್ಲ.

ಆರಂಭದಲ್ಲೇ ಒಂದು 'ಸಂದರ್ಶನ' ಪ್ರಸಾರವಾಯಿತು. ಅತಿಥಿ, ನೊಬೆಲ್ ಪಡೆದ ಪೋಲಿಷ್ ಕವಯಿತ್ರಿ ವಿಸ್ವಾವಾ ಶಿಂಬೋರ್ಸ್ಕಾ. ಆಕೆ ಅದೇ ಕ್ರಾಕೋವ್‌ನಲ್ಲಿ ತೀರಿಕೊಂಡದ್ದು 2012ರಲ್ಲಿ! ಪ್ರಶ್ನೆಯೂ ಯಂತ್ರದ್ದು, ಉತ್ತರವೂ ಯಂತ್ರದ್ದು. ಕವಯಿತ್ರಿಯ ಹೆಸರಿನ ಪ್ರತಿಷ್ಠಾನದ ಅಧ್ಯಕ್ಷರು ಇದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಆದರೂ ಅನೇಕರಿಗೆ ಕಸಿವಿಸಿಯಾಯಿತು. ಕೆಲಸ ಕಳೆದುಕೊಂಡ ಪತ್ರಕರ್ತ ಮಾತೆಯುಷ್ ದೆಮ್ಸ್ಕಿ ಬರೆದ ಬಹಿರಂಗ ಮನವಿಗೆ ಕೆಲವೇ ದಿನಗಳಲ್ಲಿ 15 ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಮೂರು ತಿಂಗಳು ನಡೆಯಬೇಕಿದ್ದ ಪ್ರಯೋಗ ಸುಮಾರು ಒಂದು ವಾರಕ್ಕೇ ನಿಂತಿತು.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಡೆದದ್ದು ಬೇರೆ ಬಗೆ. ಅಲ್ಲಿನ ಖಾಸಗಿ ಬಾನುಲಿ 'ಕಾಡಾ'ದಲ್ಲಿ ಥೈ ಎಂಬ ಯುವತಿ 2024ರ ನವೆಂಬರಿನಿಂದ ವಾರದ ದಿನಗಳಲ್ಲಿ ನಾಲ್ಕು ಗಂಟೆ ಸಂಗೀತ ಕಾರ್ಯಕ್ರಮ ನಡೆಸುತ್ತಿದ್ದಳು. ಇವಳ ಪೂರ್ಣ ಹೆಸರೇನು, ಊರು ಯಾವುದು ಎಂದು ಲೇಖಕಿಯೊಬ್ಬರು ಕೆದಕಿದ ಮೇಲೆ, 2025ರ ಏಪ್ರಿಲಿನಲ್ಲಿ ಗುಟ್ಟು ರಟ್ಟಾಯಿತು. ಥೈ ಎಂಬವಳೇ ಇರಲಿಲ್ಲ. ಆ ಸಂಸ್ಥೆಯ ಹಣಕಾಸು ವಿಭಾಗದ ಉದ್ಯೋಗಿಯೊಬ್ಬರ ಧ್ವನಿ ಮತ್ತು ಚಹರೆಯಿಂದ ಅವಳನ್ನು ತಯಾರಿಸಲಾಗಿತ್ತು. ಐದಾರು ತಿಂಗಳು ಕೇಳಿದವರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಹೇಳಿ ಮಾಡಿದ ಕಡೆ ಜನ ಪ್ರತಿಭಟಿಸಿದರು. ಹೇಳದೆ ಮಾಡಿದ ಕಡೆ ತಿಂಗಳುಗಟ್ಟಲೆ ಗುಟ್ಟು ಉಳಿಯಿತು. ಅಂದಮೇಲೆ ಯಂತ್ರದ ಧ್ವನಿ ಮನುಷ್ಯನ ಧ್ವನಿಯಂತೆ ಇದೆಯೇ ಎಂಬ ಪ್ರಶ್ನೆ ಹಳೆಯದಾಯಿತು. ಉಳಿದಿರುವ ಪ್ರಶ್ನೆ, ಆ ಮಾತಿಗೆ ಹೊಣೆ ಯಾರು ಎಂಬುದು.

ಯಂತ್ರವನ್ನು ಹೊರಗೇ ಇಡಬೇಕೆಂದು ನಾನು ವಾದಿಸುತ್ತಿಲ್ಲ. ಹಳೆಯ ಧ್ವನಿಮುದ್ರಿಕೆಗಳನ್ನು ಬರಹಕ್ಕಿಳಿಸಲು, ಮಳೆಯ ಮುನ್ಸೂಚನೆಯನ್ನೋ ಪೇಟೆಯ ಧಾರಣೆಯನ್ನೋ ಹಲವು ಭಾಷೆಗಳಲ್ಲಿ ಬೇಗ ಮುಟ್ಟಿಸಲು ಅದು ಒಳ್ಳೆಯ ಆಳು. ಆದರೆ ಈ ಯಂತ್ರ ಗೊತ್ತಿಲ್ಲದ್ದನ್ನೂ ಗೊತ್ತಿರುವಷ್ಟೇ ಧೈರ್ಯವಾಗಿ ಹೇಳುತ್ತದೆ. ಸುಳ್ಳು ಹೇಳುವಾಗಲೂ ಅದರ ಧ್ವನಿ ನಡುಗುವುದಿಲ್ಲ. ನೆರೆ ಬಂದ ರಾತ್ರಿ ಯಾವ ಸೇತುವೆ ದಾಟಬಹುದು ಎಂದು ಬಾನುಲಿ ಹೇಳಿದರೆ ಜನ ಆ ಮಾತನ್ನು ನಂಬಿ ಹೆಜ್ಜೆ ಇಡುತ್ತಾರೆ. ಅಂಥ ಸುದ್ದಿಯನ್ನು ಹೊರಬಿಡುವ ಮುನ್ನ ಓದಿ ನೋಡುವ ಒಬ್ಬ ಮನುಷ್ಯ ಇರಲೇಬೇಕು.

ಆದ್ದರಿಂದ ಶ್ರೋತೃಗಳಾದ ನಾವು ಕೇಳಬೇಕಾದುದು ಹೆಚ್ಚೇನಿಲ್ಲ. ಮಾತನಾಡುತ್ತಿರುವುದು ಯಂತ್ರವಾದರೆ ಹಾಗೆಂದು ಹೇಳಲಿ. ಯಾರದಾದರೂ ಧ್ವನಿಯನ್ನು ಬಳಸಿದರೆ ಅವರ ಒಪ್ಪಿಗೆ ಇರಲಿ, ಸಂಭಾವನೆಯೂ ಸಲ್ಲಲಿ. ತೀರಿಕೊಂಡವರ ಬಾಯಲ್ಲಿ ಹೊಸ ಮಾತು ಹಾಕುವುದು ಬೇಡ. ಬೇಡವೆನ್ನಲು ಅವರು ಬರಲಾರರು. ಪ್ರತಿ ಕಾರ್ಯಕ್ರಮಕ್ಕೂ ಹೊಣೆಗಾರರೊಬ್ಬರ ಹೆಸರಿರಲಿ.

'ಅಡಚಣೆಗಾಗಿ ವಿಷಾದಿಸುತ್ತೇವೆ' ಎಂಬ ಮಾತನ್ನು ನಾವೆಲ್ಲ ಬಾನುಲಿಯಲ್ಲಿ ಕೇಳಿ ಬೆಳೆದವರು. ಅದನ್ನು ಯಂತ್ರವೂ ಚೊಕ್ಕವಾಗಿ ಹೇಳಬಲ್ಲದು. ಆದರೆ ವಿಷಾದಿಸಲು ಆ ಕಡೆ ಯಾರಾದರೂ ಇರಬೇಕಲ್ಲವೆ?