ಊರು ಉಳಿಸಿಕೊಂಡ ಬೆಟ್ಟ

ಹಿಮದ ಮೇಲೆ ಜಾರುವ ಆಟವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಸಿರಿವಂತರ ವಿಹಾರಧಾಮಗಳು. ಆದರೆ ಅಮೆರಿಕದ ಈಶಾನ್ಯದಲ್ಲಿರುವ ವರ್ಮಾಂಟ್ ಎಂಬ ಪುಟ್ಟ ರಾಜ್ಯದಲ್ಲಿ ಈ ಆಟ ಬೇರೂರಿದ್ದು ರೈತರ ಹುಲ್ಲುಗಾವಲುಗಳಲ್ಲಿ. 1934ರ ಜನವರಿಯಲ್ಲಿ ವುಡ್‌ಸ್ಟಾಕ್ ಎಂಬ ಊರಿನ ಬಳಿ, ಒಬ್ಬ ರೈತನ ಇಳಿಜಾರು ಹೊಲದಲ್ಲಿ, ಹಳೆಯ ಫೋರ್ಡ್ ಮೋಟಾರಿನ ಎಂಜಿನ್ನಿನಿಂದ ಉದ್ದನೆಯ ಹಗ್ಗವೊಂದನ್ನು ಸುತ್ತ ತಿರುಗಿಸಿದರು. ಹಗ್ಗವನ್ನು ಹಿಡಿದು ನಿಂತವರನ್ನು ಅದು ಗುಡ್ಡದ ಮೇಲಕ್ಕೆ ಎಳೆದೊಯ್ಯುತ್ತಿತ್ತು. ಬಾವಿಯ ರಾಟೆಯನ್ನು ಬಲ್ಲವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ದೇಶದಲ್ಲಿ ಇಂಥ ಎಳೆಹಗ್ಗ ಮೊದಲು ಬಂದದ್ದು ಅಲ್ಲಿಯೇ.

2023ರ ಫೆಬ್ರವರಿಯಲ್ಲಿ ಮಗಳ ಸಂಸಾರದೊಡನೆ ಬಾಸ್ಟನ್ನಿನಿಂದ ಕಾರಿನಲ್ಲಿ ಆ ಕಡೆಗೆ ಹೋಗಿದ್ದೆ. ಕನೆಕ್ಟಿಕಟ್ ನದಿಯ ಮೇಲೆ 1866ರಲ್ಲಿ ಕಟ್ಟಿದ, ಮಾಡು ಹೊದಿಸಿದ ಮರದ ಸೇತುವೆಯನ್ನು ದಾಟಿದರೆ ವಿಂಡ್ಸರ್ ಪಟ್ಟಣ. ಅಲ್ಲಿಂದ ಸ್ವಲ್ಪ ದೂರದಲ್ಲಿ ಅಸ್ಕಟ್ನಿ ಬೆಟ್ಟ ಒಂಟಿಯಾಗಿ ಎದ್ದು ನಿಂತಿದೆ. ಎತ್ತರ ಸುಮಾರು 3,100 ಅಡಿ. ಅದರ ಮಗ್ಗುಲಲ್ಲಿ ವೆಸ್ಟ್ ವಿಂಡ್ಸರ್ ಎಂಬ ಗ್ರಾಮ. ಜನಸಂಖ್ಯೆ ಸಾವಿರಕ್ಕಿಂತ ತುಸು ಹೆಚ್ಚು.

ಈ ಬೆಟ್ಟದ ಕಥೆ ಕೇಳತಕ್ಕದ್ದು. 1940ರ ದಶಕದಲ್ಲಿ ಇಲ್ಲಿ ಆರಂಭವಾದ ಹಿಮಜಾರಾಟ ಮುಂದೆ ದೊಡ್ಡ ಉದ್ಯಮವಾಗಿ ಬೆಳೆಯಿತು. ಹೋಟೆಲು ಬಂತು, ತೂಗುಕುರ್ಚಿಗಳು ಬಂದವು. ಬೆಟ್ಟ ತೀರ ಎತ್ತರದ್ದಲ್ಲವಾದ್ದರಿಂದ ಹಿಮ ನೆಚ್ಚುವಂತಿರಲಿಲ್ಲ; ಸಾಲ ಏರಿತು, ಒಡೆಯರು ಬದಲಾದರು. 2010ರಲ್ಲಿ ಬಾಗಿಲು ಮುಚ್ಚಿತು. ತೂಗುಕುರ್ಚಿಗಳನ್ನೂ ಕಳಚಿ ಮಾರಿದರು. ಮನೆಗಳ ಬೆಲೆ ಇಳಿಯಿತು. ಊರಿನ ಅಂಗಡಿಯೂ ಮುಚ್ಚಿತು. ಇಂಥ ಪೆಟ್ಟನ್ನು ತಿಂದ ಊರುಗಳು ಸಾಮಾನ್ಯವಾಗಿ ಇನ್ನೊಬ್ಬ ಧನಿಕನಿಗಾಗಿ ಕಾದು ಕೂರುತ್ತವೆ. ಇವರು ಕಾಯಲಿಲ್ಲ. ಊರಿನವರು ಸಭೆ ಸೇರಿ ಮತ ಹಾಕಿದರು. ಭೂಸಂರಕ್ಷಣೆಯ ಸಂಸ್ಥೆಯೊಂದರ ನೆರವು ಪಡೆದರು. 2015ರಲ್ಲಿ ಬೆಟ್ಟದ ಸುಮಾರು 470 ಎಕರೆ ಗ್ರಾಮದ ಸ್ವತ್ತಾಯಿತು. ಕಾಡನ್ನು ಕಡಿದು ಮನೆ ಕಟ್ಟಲಾಗದಂತೆ ಕರಾರನ್ನೂ ಬರೆಸಿಕೊಂಡರು. ಜಾರುವ ನೆಲವನ್ನು ನೋಡಿಕೊಳ್ಳಲು ಲಾಭರಹಿತ ಸಂಘವೊಂದು ಹುಟ್ಟಿತು. ಮೊದಲು ಎಳೆಹಗ್ಗ, ಆಮೇಲೆ ಅದಕ್ಕಿಂತ ಉದ್ದವಾದ ಎಳೆಯಂತ್ರ ಬಂತು. ಹಿಂದೆ 1,800 ಅಡಿ ಇಳಿಯಬಹುದಾಗಿದ್ದ ಬೆಟ್ಟದಲ್ಲಿ ಈಗ ಯಂತ್ರ ಎಳೆದೊಯ್ಯುವುದು ಅದರ ಕಾಲುಭಾಗದಷ್ಟು ಎತ್ತರಕ್ಕೆ. ಉಳಿದದ್ದನ್ನು ಬೇಕಾದವರು ಕಾಲ್ನಡಿಗೆಯಲ್ಲಿ ಹತ್ತಬೇಕು.

ನಾವು ಹೋದದ್ದು ಒಂದು ಶನಿವಾರ. ಮಕ್ಕಳು ಬೀಳುತ್ತಿದ್ದರು, ಏಳುತ್ತಿದ್ದರು. ಯಂತ್ರದ ಬಳಿ ನಿಂತಿದ್ದ ಮುದುಕರೊಬ್ಬರು ಸಂಬಳವಿಲ್ಲದೆ ದುಡಿಯುತ್ತಿದ್ದ ಊರವರು. ಇದರಿಂದ ಲಾಭ ಬರುತ್ತದೆಯೇ ಎಂದು ಕೇಳಿದೆ. ಅವರು ಕೆಳಗೆ ಆಡುತ್ತಿದ್ದ ಮಕ್ಕಳನ್ನು ತೋರಿಸಿ, "ಖರ್ಚು ಹುಟ್ಟಿದರೆ ಸಾಕು. ಶಾಲೆಗೂ ಗ್ರಂಥಾಲಯಕ್ಕೂ ಯಾರೂ ಲಾಭ ಕೇಳುವುದಿಲ್ಲವಲ್ಲ" ಎಂದರು. ಆ ಮಾತಿನಲ್ಲಿ ಜಂಬವಿರಲಿಲ್ಲ.

ಇಂಥ ಪ್ರಯತ್ನ ಇದೊಂದೇ ಅಲ್ಲ. ಅದೇ ರಾಜ್ಯದ ಮ್ಯಾಡ್ ರಿವರ್ ಗ್ಲೆನ್ ಎಂಬ ಬೆಟ್ಟವನ್ನು 1995ರಿಂದ ಅಲ್ಲಿ ಜಾರುವವರೇ ಸಹಕಾರಿ ಸಂಘವಾಗಿ ನಡೆಸುತ್ತಿದ್ದಾರೆ. ರಿಚ್ಮಂಡ್ ಎಂಬಲ್ಲಿ ಕಾಕ್ರನ್ ದಂಪತಿಗಳು 1961ರಲ್ಲಿ ತಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಎಳೆಹಗ್ಗ ಕಟ್ಟಿದರು. ಅಲ್ಲಿ ಕಲಿತ ಅವರ ಮಗಳು ಬಾರ್ಬರಾ ಆನ್ 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಳು. ಆ ಗುಡ್ಡವೂ ಈಗ ಲಾಭರಹಿತ ಸಂಸ್ಥೆಯೊಂದರ ಕೈಯಲ್ಲಿದೆ.

ಹೀಗೆಂದು ಅಸ್ಕಟ್ನಿಯ ಭವಿಷ್ಯ ನಿಶ್ಚಿಂತವೆಂದಲ್ಲ. ಚಳಿಗಾಲ ವರ್ಷದಿಂದ ವರ್ಷಕ್ಕೆ ಬೆಚ್ಚಗಾಗುತ್ತಿದೆ. ಹೆಚ್ಚಾಗಿ ಆಕಾಶ ಕೊಟ್ಟ ಹಿಮವನ್ನೇ ನೆಚ್ಚಿದ ಬೆಟ್ಟಕ್ಕೆ ಇದು ಸಣ್ಣ ಭಯವಲ್ಲ. ಆದರೆ ಒಂದು ವ್ಯತ್ಯಾಸವಿದೆ. ಹಿಮ ಬೀಳದ ವರ್ಷ ಉದ್ಯಮಕ್ಕೆ ಸಾಲ ಬೆಳೆಯುತ್ತಿತ್ತು. ಊರಿಗಾದರೋ ಯಂತ್ರ ನಿಂತರೂ ಕಾಡು ಉಳಿಯುತ್ತದೆ, ಬೇಸಗೆಯ ಕಾಲುದಾರಿ, ಸೈಕಲ್ಲುದಾರಿಗಳು ಉಳಿಯುತ್ತವೆ. ಮುಚ್ಚಿದ್ದ ಅಂಗಡಿಯೂ ಊರವರ ಯತ್ನದಿಂದ ಮತ್ತೆ ತೆರೆದಿದೆ. ಆಸೆಯನ್ನು ಕಾಲುಭಾಗಕ್ಕೆ ಇಳಿಸಿಕೊಂಡ ಮೇಲೆಯೇ ಆ ಊರಿಗೆ ಇಡೀ ಬೆಟ್ಟ ದಕ್ಕಿತು.